ರಜೆಯ ದಿನ ಹಾಜರಿದ್ದವನು

ಲೇಬರ್ ಆಫೀಸಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದರು. ಮಧೂರಿನ ಕಡೆ ಏನೋ ತಪಾಸಣೆ ಇತ್ತಂತೆ. ಹೇಗೂ ಬಂದಿದ್ದೇವೆ, ರಿಟೈರಾದ ಮುದುಕನನ್ನೂ ಒಮ್ಮೆ ನೋಡಿ ಹೋಗೋಣ ಎಂದು ಬಂದದ್ದು. ಚಹಾ ಕುಡಿಯುತ್ತ ಒಬ್ಬಳು ಕೇಳಿದಳು, "ಸಾರ್, ಇಷ್ಟು ವರ್ಷದ ಸರ್ವೀಸಿನಲ್ಲಿ ನಿಮಗೆ ಹೆದರಿಕೆ ಅಂತ ಆದದ್ದು ಯಾವಾಗ? ಯೂನಿಯನಿನವರು ಘೇರಾವ್ ಮಾಡಿದಾಗವಾ?"

ನನಗೆ ನಗು ಬಂತು. ಘೇರಾವಿನಲ್ಲಿ ಹೆದರುವುದಕ್ಕೆ ಏನಿದೆ? ಸುತ್ತ ನೂರು ಜನ ಇರುತ್ತಾರೆ, ಅವರಲ್ಲಿ ಹತ್ತು ಜನ ಗುರುತಿನವರು, ಹೊತ್ತಾದರೆ ಅವರೇ ಚಹಾ ತರಿಸಿ ಕೊಡುತ್ತಾರೆ. ಹೆದರಿಕೆ ಆಗುವುದು ಜನ ಇಲ್ಲದ ಕಡೆ. ನನ್ನ ಹೆದರಿಕೆಗಳೆಲ್ಲ ರಜೆಯ ದಿನಗಳಲ್ಲಿ, ಹಾಡುಹಗಲಿನಲ್ಲಿ ಆದವು. ಅದನ್ನು ಹೇಳಲು ಶುರುಮಾಡುವಷ್ಟರಲ್ಲಿ ಅವರ ಬಸ್ಸು ಬಂತು. ಬಾಯಲ್ಲಿ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಹುಡುಗಿಯರು ಓದಿದರೆ ಸಾಕು.

ನಾನು ಸಹಾಯಕ ಲೇಬರ್ ಆಫೀಸರನಾಗಿದ್ದೆ. ಅಂಗಡಿ, ಮಿಲ್ಲು, ಪ್ರೆಸ್ಸು, ಹೋಟೆಲು ಹೀಗೆ ನಾಲ್ಕು ಜನ ಸಂಬಳಕ್ಕೆ ದುಡಿಯುವ ಎಲ್ಲ ಕಡೆ ಕಾನೂನು ನಡೆಯುತ್ತಿದೆಯೇ ಎಂದು ನೋಡುವ ಕೆಲಸ. ಅದರಲ್ಲಿ ರಜೆಯ ಕಾನೂನು ಒಂದು. ಹೇಳಲು ಸುಲಭ. ಜನವರಿ ಇಪ್ಪತ್ತಾರು, ಮೇ ಒಂದು, ಆಗಸ್ಟ್ ಹದಿನೈದು, ಅಕ್ಟೋಬರ್ ಎರಡು, ಈ ನಾಲ್ಕು ಯಾರ ಅಪ್ಪಣೆಯೂ ಬೇಡದ ರಜೆಗಳು. ಉಳಿದದ್ದು ಹಬ್ಬದ ರಜೆ. ಯಾವ ಯಾವ ಹಬ್ಬಕ್ಕೆ ಎಂಬುದನ್ನು ಮಾಲಿಕ ಕೆಲಸದವರ ಹತ್ತಿರ ಕೇಳಿ, ಪಟ್ಟಿ ಮಾಡಿ, ವರ್ಷ ಮುಗಿಯುವುದರೊಳಗೆ ನಮಗೆ ಕಳಿಸಬೇಕು. ರಜೆಯ ದಿನ ಕೆಲಸ ಮಾಡದಿದ್ದರೂ ಸಂಬಳ ಉಂಟು. ಮಾಡಿಸಿದರೆ ಎರಡು ಪಟ್ಟು, ಇಲ್ಲವಾದರೆ ಆ ದಿನದ ಸಂಬಳ ಮತ್ತು ಬೇರೆ ಒಂದು ದಿನ ರಜೆ. ಮಾಡಿಸುವುದಾದರೆ ಮುಂಚಿತವಾಗಿ ಕೆಲಸದವನಿಗೆ ನೋಟಿಸು ಕೊಡಬೇಕು, ನಮ್ಮ ಆಫೀಸಿಗೆ ಅದರ ಪ್ರತಿ ಬರಬೇಕು. ಈ ಕೊನೆಯ ಕಾಗದ ಒಂದು ಅಂಗೈಯಷ್ಟು ಇರುತ್ತದೆ. ಅದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ನಾನೂ ಇಟ್ಟಿರಲಿಲ್ಲ.

ರಜೆ ಕೊಟ್ಟಿದ್ದಾರೋ ಎಂದು ನೋಡಬೇಕಾದರೆ ರಜೆಯ ದಿನವೇ ಹೋಗಬೇಕಲ್ಲ. ಊರಿಗೆಲ್ಲ ರಜೆ, ನಮಗೆ ಮಾತ್ರ ಕೆಲಸ. ನಮ್ಮ ರಜೆಯನ್ನು ಯಾರು ತಪಾಸಣೆ ಮಾಡುವುದು ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ ಇಲಾಖೆ ಇವತ್ತಿನವರೆಗೆ ಉತ್ತರ ಕೊಟ್ಟಿಲ್ಲ.

ಈ ಕೆಲಸ ನನಗೆ ಕಲಿಸಿದವರು ಶ್ಯಾಮಲಾ ಮೇಡಂ. ನನ್ನ ಮೇಲಧಿಕಾರಿ, ಕೊಲ್ಲಂ ಕಡೆಯವರು. ಕನ್ನಡ ಕಲಿತದ್ದು ನಮ್ಮಿಂದ, ಆದ್ದರಿಂದ ನಮ್ಮ ಹಾಗೆಯೇ ಮಾತಾಡುತ್ತಿದ್ದರು. ನಾನು ಸೇರಿದ ವರ್ಷದ ಗಾಂಧಿ ಜಯಂತಿಯಂದು ಪೇಟೆಯ ಒಂದು ಜವಳಿ ಅಂಗಡಿಗೆ ಹೋದೆವು. ಒಳಗೆ ಕೆಲಸ ನಡೆಯುತ್ತಿದೆ ಎಂದು ಯಾರೋ ಫೋನು ಮಾಡಿದ್ದರು. ಶಟರು ಎಳೆದು ಹೊರಗಿನಿಂದ ಬೀಗ ಹಾಕಿತ್ತು. ನಾನು ಜಗ್ಗಿ ನೋಡಿ, "ಮುಚ್ಚಿ ಉಂಟು ಮೇಡಂ, ಹೋಗುವಾ" ಎಂದೆ. ಅವರು ಶಟರಿನ ಮೇಲೆ ಅಂಗೈ ಊರಿ ಸ್ವಲ್ಪ ಹೊತ್ತು ನಿಂತರು. "ಒಳಗೆ ಫ್ಯಾನು ತಿರುಗ್ತಾ ಉಂಟು ಮಾರಾಯ್ರೇ" ಎಂದರು.

ಹಿಂದಿನ ಬಾಗಿಲು ತಟ್ಟಿದ ಮೇಲೆ ಮಾಲಿಕನ ತಮ್ಮ ಬಂದು ತೆರೆದ. ಯಾರೂ ಇಲ್ಲ, ತಾನು ಪೂಜೆಯ ಹೂವು ಬದಲಿಸಲು ಬಂದದ್ದು ಎಂದ. ನಾವು ಒಳಗೆ ಹೋಗುವಾಗಲೇ ಫ್ಯಾನು ನಿಂತಿತ್ತು, ದೀಪವೂ ಇರಲಿಲ್ಲ. ಹೊರಗೆ ಉರಿಬಿಸಿಲು, ಒಳಗೆ ಕತ್ತಲೆ. ಕಣ್ಣು ಹೊಂದಿಕೊಂಡ ಮೇಲೆ ಸೀರೆ ಉಡಿಸಿದ ಬೊಂಬೆಗಳು ಕಂಡವು. ಗೋಡೆಯುದ್ದಕ್ಕೂ, ಕಪಾಟುಗಳ ಮಧ್ಯೆ, ಮೆಟ್ಟಿಲ ಹತ್ತಿರ. ಒಂದೊಂದು ಕೈ ಚಾಚಿಕೊಂಡು ನಿಂತಿದ್ದವು. ನನಗೆ ಅಲ್ಲಿ ಏನೋ ಸರಿಯಿಲ್ಲ ಎನಿಸಿತು, ಏನೆಂದು ಗೊತ್ತಾಗಲಿಲ್ಲ. ಮೇಡಂ ಕೋಣೆಯ ನಡುವೆ ಹೋಗಿ ನಿಂತು, ಮಕ್ಕಳನ್ನು ಮಲಗಿಸುವಾಗಿನ ದನಿಯಲ್ಲಿ ಹೇಳಿದರು, "ಹೆದರ್ಬೇಡಿ ಮಕ್ಕಳೇ. ಉಸಿರು ಬಿಡಿ."

ಇಡೀ ಕೋಣೆ ಒಮ್ಮೆಗೇ ಉಸಿರು ಬಿಟ್ಟಿತು. ನನ್ನ ಮೈಯ ರೋಮ ಎದ್ದು ನಿಂತದ್ದು ಈಗಲೂ ನೆನಪಿದೆ. ಬೊಂಬೆಗಳ ಸಾಲಿನಿಂದ ಏಳು ಹುಡುಗಿಯರು ಈಚೆ ಬಂದರು. ಅಲ್ಲಾಡಬೇಡಿ ಎಂದು ಹೇಳಿ ಅವರನ್ನು ಹಾಗೆ ನಿಲ್ಲಿಸಿದ್ದರು. ಒಬ್ಬಳಿಗೆ ಚಾಚಿದ ಕೈ ಕೆಳಗೆ ಇಳಿಸಲಿಕ್ಕೇ ಆಗದೆ ಅಳು ಬಂತು. ಮೇಡಂ ಆ ಕೈ ಹಿಡಿದು ತಿಕ್ಕುತ್ತ ನಿಂತರು. ನಾನು ಹೇಳಿಕೆ ಬರೆದುಕೊಂಡೆ. ಆಮೇಲೆ ಎಷ್ಟೋ ವರ್ಷ ಜವಳಿ ಅಂಗಡಿಗೆ ಹೋದರೆ ನಾನು ಬೊಂಬೆಗಳ ಮುಖ ನೋಡುತ್ತಿರಲಿಲ್ಲ.

ಆ ದಿನ ಜೀಪಿನಲ್ಲಿ ಮೇಡಂ ಪಾಠ ಹೇಳಿದರು. ರಜೆಯ ದಿನ ರಿಜಿಸ್ಟರು ನೋಡಬೇಡಿ, ಕಟ್ಟಡ ನೋಡಿ. ಬಾವಿಯ ಹಗ್ಗ ಒದ್ದೆ ಇದೆಯಾ, ಬಾಗಿಲ ಹತ್ತಿರ ಚಪ್ಪಲಿ ಎಷ್ಟು, ಬೀಗದ ಮೇಲೆ ಧೂಳು ಇದೆಯಾ, ಬೆರಳಿನ ಗುರುತು ಇದೆಯಾ. "ಮತ್ತೆ ನೋಡಿದ್ದನ್ನು ನೋಡಿದ ಹಾಗೆ ಬರೀರಿ. ನಿಮ್ಮ ಮನಸ್ಸಿಗೆ ಯಾವುದು ಒಳ್ಳೇದು ಕಾಣ್ತದೆ ಅದನ್ನಲ್ಲ." ಮೊದಲಿನದ್ದೆಲ್ಲ ನಾನು ಚೆನ್ನಾಗಿ ಕಲಿತೆ. ಕೊನೆಯದನ್ನು ಕಲಿಯಲಿಲ್ಲ.

ನನ್ನ ಪೆದ್ದುತನಗಳನ್ನು ಹೇಳಹೊರಟರೆ ಪುಸ್ತಕವಾದೀತು, ಒಂದನ್ನು ಹೇಳುತ್ತೇನೆ. ಪೆರ್ನಾಲಿನ, ಅಂದರೆ ಈದ್ ಹಬ್ಬದ, ರಜೆಯನ್ನು ಹಿಂದಿನ ವರ್ಷದ ಕೊನೆಗೇ ಪಟ್ಟಿಯಲ್ಲಿ ಬರೆದಿರುತ್ತಾರೆ. ಚಂದ್ರ ಪಟ್ಟಿ ನೋಡಿಕೊಂಡು ಮೂಡುವುದಿಲ್ಲ. ಒಂದು ಸಲ ಪಟ್ಟಿಯ ದಿನ ಒಂದು ಪಾತ್ರೆ ಅಂಗಡಿ ತೆರೆದಿದೆ ಎಂದು ನಾನು ಮೀಸೆ ತಿರುವಿ ನೋಟಿಸು ಕೊಟ್ಟೆ. ಗಲ್ಲಾಪೆಟ್ಟಿಗೆಯ ಹತ್ತಿರ ಕೂತಿದ್ದ ಹಿರಿಯರು ನಿಧಾನವಾಗಿ ಓದಿ ಹೇಳಿದರು, "ಚಂದ್ರ ಕಾಣ್ಲಿಲ್ಲ ಸಾರ್, ಪೆರ್ನಾಲು ನಾಳೆ. ಈ ನೋಟಿಸು ಮೇಲೆ ಒಬ್ಬ ಇದ್ದಾನಲ್ಲ, ಅವನಿಗೆ ಕೊಡಿ." ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಚಹಾ ಕುಡಿಸಿ ಕಳಿಸಿದರು. ಆ ಮೇಲೆ ಹಬ್ಬದ ವಿಷಯದಲ್ಲಿ ನಾನು ಕಾನೂನನ್ನು ಸ್ವಲ್ಪ ಸಡಿಲ ಬಿಡುವುದಕ್ಕೆ ಕಲಿತೆ. ಜನಕ್ಕೆ ತಮ್ಮ ಹಬ್ಬ ನಡೆಸಿಕೊಳ್ಳಲು ಗೊತ್ತಿದೆ, ನಾವು ಅಡ್ಡ ಬರಬಾರದು ಎಂದು ನನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡೆ. ಅದೇ ಮುಂದೆ ನನ್ನನ್ನು ಹೊಡೆದದ್ದು.

ಕಾಸರಗೋಡಿನಿಂದ ಸ್ವಲ್ಪ ದೂರ, ಮೀನಿನ ದೋಣಿಗಳು ಬರುವ ಒಂದು ಕಡಪ್ಪುರದಲ್ಲಿ, ಅಂದರೆ ಕಡಲ ದಂಡೆಯಲ್ಲಿ, ಹಳೆಯ ಐಸ್ ಪ್ಲಾಂಟ್ ಇತ್ತು. ಈಗ ಇಲ್ಲ. ಐಸ್ ಪ್ಲಾಂಟಿನ ಯಂತ್ರಕ್ಕೆ ಹಬ್ಬ ಗೊತ್ತಿಲ್ಲ. ಒಂದು ಹಗಲು ನಿಲ್ಲಿಸಿದರೆ ಟ್ಯಾಂಕಿನಲ್ಲಿ ಅರ್ಧ ಕಟ್ಟಿದ ಐಸು ಹಾಳಾಗುತ್ತದೆ, ಮರುದಿನದ ದೋಣಿಗಳಿಗೆ ಇಲ್ಲ. ಆದ್ದರಿಂದ ಯಾರಾದರೂ ಒಬ್ಬ ಇರಲೇಬೇಕು. ಅಲ್ಲಿ ಇಬ್ಬರು ಆಪರೇಟರುಗಳಿದ್ದರು, ಅಂದುಂಞಿ ಮತ್ತು ವಿಠಲ. ಅಂದುಂಞಿ ಐವತ್ತು ದಾಟಿದ ಬ್ಯಾರಿ ಮುಸಲ್ಮಾನ, ತೆಳ್ಳಗೆ, ಮಾತು ಕಡಿಮೆ. ವಿಠಲ ಅವನಿಗಿಂತ ಹತ್ತು ವರ್ಷ ಚಿಕ್ಕವನು, ಅವನ ಕೈಕೆಳಗೇ ಕೆಲಸ ಕಲಿತವನು, ಅವನನ್ನು ಅಣ್ಣ ಎನ್ನುವ ಹಾಗೆ ಅಂದುಂಞಿಚ್ಚ ಎಂದು ಕರೆಯುತ್ತಿದ್ದ.

ಅವರಿಬ್ಬರದ್ದು ಒಂದು ಏರ್ಪಾಡು. ನಮ್ಮ ಹೊಸವರ್ಷವಾದ ಬಿಸು, ಓಣಂ, ದೀಪಾವಳಿಯ ಹಗಲು ಯಂತ್ರದ ಹತ್ತಿರ ಅಂದುಂಞಿ. ಎರಡು ಪೆರ್ನಾಲಿನ ಹಗಲು ವಿಠಲ. ಯಾರು ಯಾವಾಗ ಶುರು ಮಾಡಿದ್ದೆಂದು ಅವರಿಗೂ ನೆನಪಿರಲಿಲ್ಲ. ಹಬ್ಬ ಮಾಡಿದವನು ಸಂಜೆ ಆರಕ್ಕೆ ಊಟ ಕಟ್ಟಿಕೊಂಡು ಬಂದು ಕಾದವನನ್ನು ಬಿಡಿಸುತ್ತಿದ್ದ. ರಿಜಿಸ್ಟರಿನಲ್ಲಿ ಮಾತ್ರ ಆ ದಿನ ಇಬ್ಬರಿಗೂ ರಜೆ, ಪ್ಲಾಂಟು ಬಂದ್. ಹೊರಗಿನವರಿಗೆ ಬಂದ್ ಎಂದೇ ಕಾಣಲಿ ಎಂದು ಒಳಗಿನಿಂದ ಚಿಲಕ ಹಾಕಿಕೊಂಡು ಕೂರುತ್ತಿದ್ದರು.

ಯಂತ್ರದ ಸದ್ದಿನಲ್ಲಿ ಹೊರಗಿನಿಂದ ಕೂಗಿದರೆ ಕೇಳುವುದಿಲ್ಲ. ಅದಕ್ಕೆ ಅವರದ್ದೇ ಒಂದು ಉಪಾಯ. ಹಿಂದಿನ ಓಣಿಯಲ್ಲಿ ಗೋಡೆಯಿಂದ ಒಂದು ಕಬ್ಬಿಣದ ನೀರಿನ ಪೈಪು ಹೊರಗೆ ಬರುತ್ತಿತ್ತು. ಬಂದವನು ಕಲ್ಲಿನಿಂದ ಅದಕ್ಕೆ ಎರಡು ಸಲ ಬಡಿಯಬೇಕು. ಒಳಗಿರುವವನು ಸ್ಪ್ಯಾನರಿನಿಂದ ಎರಡು ಸಲ ತಿರುಗಿ ಬಡಿಯುತ್ತಾನೆ. ನಾನಿದ್ದೇನೆ ಎಂದು ಅರ್ಥ. ಉತ್ತರ ಬರದಿದ್ದರೆ ಬಾಗಿಲು ಒಡೆಯಬೇಕು, ಯಾಕೆಂದರೆ ಆ ಯಂತ್ರದಲ್ಲಿ ಅಮೋನಿಯಾ ಗ್ಯಾಸು, ಸೋರಿದರೆ ಮನುಷ್ಯ ಉಳಿಯುವುದಿಲ್ಲ. ಒಂದು ಪೆರ್ನಾಲಿನ ದಿನ ನಾನು ಹೋಗಿದ್ದಾಗ ವಿಠಲ ಇದನ್ನೆಲ್ಲ ತೋರಿಸಿ ಕೊಟ್ಟ. ಅವನು ಒಳಗೆ ಹೋದ ಮೇಲೆ ನಾನೇ ಕಲ್ಲು ತೆಗೆದು ಎರಡು ಬಡಿದೆ. ಒಳಗಿನಿಂದ ಎರಡು ಬಂತು. ನನಗೆ ಚಿಕ್ಕ ಮಗುವಿನಷ್ಟು ಖುಷಿಯಾಯಿತು.

ನೋಟಿಸು ಎಲ್ಲಿ ಎಂದು ನಾನು ಕೇಳಲಿಲ್ಲವೆಂದಲ್ಲ. ಪ್ಲಾಂಟಿನ ಮೊದಲಾಳಿಯನ್ನು, ಅಂದರೆ ಮಾಲಿಕನನ್ನು, ಕೇಳಿದೆ. "ಅದು ಅವರವರ ಒಪ್ಪಂದ ಸಾರ್, ನಾನೆಂತ ಹೇಳ್ಲಿ?" ಎಂದ. ಅಂದುಂಞಿಯನ್ನು ಕೇಳಿದೆ. ಅವನು ಬೀಡಿ ನಂದಿಸಿ ಕಾಲಕೆಳಗೆ ಹಾಕಿ ಹೇಳಿದ, "ಕಾಗದ ಆದ್ರೆ ಡಬಲ್ ಸಂಬಳ ಕೊಡ್ಬೇಕು ಸಾರ್. ಕೊಡ್ಲಿಕ್ಕೆ ಮನಸ್ಸಿಲ್ದೆ ಹಬ್ಬಕ್ಕೆ ಹೊರಗಿನ ಯಾರನ್ನಾದ್ರೂ ತಂದು ಕೂರಿಸ್ತಾರೆ. ಯಂತ್ರ ಗೊತ್ತಿಲ್ಲದವ ಎಂತ ಮಾಡ್ತಾನೆ? ಕಡೆಗೆ ನಮ್ಮಿಬ್ಬರನ್ನೂ ಕರೆಸ್ತಾರೆ. ಮತ್ತೆ ವಿಠಲನಿಗೆ ಬಿಸು ಇಲ್ಲ, ನನಗೆ ಪೆರ್ನಾಲೂ ಇಲ್ಲ. ನೀವು ಬಂದದ್ದನ್ನು ಮರ್ತುಬಿಡಿ."

ನಾನು ಮರೆತೆ. ಮರೆತದ್ದು ಮಾತ್ರವಲ್ಲ, ಅದು ನನಗೆ ಬಹಳ ಚೆಂದ ಕಂಡಿತು. ಒಂದೆರಡು ಸಭೆಗಳಲ್ಲಿ ಊರು ಹೇಳದೆ ಉದಾಹರಣೆ ಕೊಟ್ಟು ಚಪ್ಪಾಳೆಯನ್ನೂ ತೆಗೆದುಕೊಂಡೆ. ಹಬ್ಬದ ತಪಾಸಣೆಗೆ ಹೋದಾಗ ಪೈಪಿಗೆ ಎರಡು ಬಡಿದು, ಉತ್ತರ ಕೇಳಿಸಿಕೊಂಡು, "ಘಟಕ ಮುಚ್ಚಿತ್ತು, ರಜೆ ಪಾಲಿಸಲಾಗಿದೆ" ಎಂದು ಬರೆದು ಬರುತ್ತಿದ್ದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡಿದ್ದೆ.

ನನ್ನ ನಿವೃತ್ತಿಗೆ ಎರಡು ವರ್ಷ ಇದ್ದಾಗಿನ ಬಿಸು. ಬೆಳಿಗ್ಗೆ ದೇವರ ಮುಂದೆ ಹಣ್ಣು ಹೂವು ಜೋಡಿಸಿಟ್ಟ ಕಣಿ ನೋಡಿ, ಬೈಕು ಹತ್ತಿ ಹೊರಟೆ. ಮೂರು ಕಡೆ ಹೋಗಲಿಕ್ಕಿತ್ತು, ಕೊನೆಯದು ಐಸ್ ಪ್ಲಾಂಟ್. ಅಲ್ಲಿಗೆ ಮುಟ್ಟುವಾಗ ಒಂದೂಮುಕ್ಕಾಲು ಗಂಟೆ. ದೋಣಿಗಳೆಲ್ಲ ಮೇಲೆ ಎಳೆದಿದ್ದವು. ಕಡಪ್ಪುರದಲ್ಲಿ ಒಬ್ಬ ನರಪಿಳ್ಳೆ ಇಲ್ಲ. ಯಾವಾಗಲೂ ಐಸಿನ ಬಾಗಿಲಲ್ಲಿ ಬಿದ್ದಿರುವ ಬೆಕ್ಕುಗಳು ಕೂಡ ಇರಲಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು, ಆದರೆ ತಲೆಗೆ ಹೋಗಲಿಲ್ಲ. ಯಂತ್ರದ ಗುಂಯ್ ಎನ್ನುವ ಸದ್ದು ಮಾತ್ರ ನೆಲದಿಂದ ಕಾಲಿಗೆ ಹತ್ತುತ್ತಿತ್ತು. ಮೂಗಿಗೆ ಗ್ಯಾಸಿನ ಖಾರ ಬಡಿಯಿತು. ಅಲ್ಲಿ ಆ ವಾಸನೆ ಇಲ್ಲದ ದಿನ ಉಂಟೇ ಎಂದುಕೊಂಡೆ.

ಓಣಿಗೆ ಹೋದೆ. ಗೋಡೆಯ ಬುಡದಲ್ಲಿ ಅಂದುಂಞಿಯ ಚಪ್ಪಲಿ ಜೋಡಿಸಿ ಇಟ್ಟಿತ್ತು. ಆಗಲೇ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ. "ಎಲ್ಲಿದ್ದೀರಿ? ಎಲೆ ಹಾಕಿ ಆಯ್ತು. ಮಗಳು ಅಳಿಯ ಎಲ್ಲ ಕಾದು ಕೂತಿದ್ದಾರೆ, ಪಾಯಸ ತಣ್ಣಗಾಗ್ತಾ ಉಂಟು." ಬಂದೆ ಬಂದೆ ಎಂದು ಫೋನು ಕಿವಿಗೆ ಒತ್ತಿಕೊಂಡೇ ಬಗ್ಗಿ ಕಲ್ಲು ತೆಗೆದು ಪೈಪಿಗೆ ಎರಡು ಬಡಿದೆ.

ಉತ್ತರ ತಕ್ಷಣ ಬರಲಿಲ್ಲ. ಊಟ ಮಾಡಿ ತೂಕಡಿಸುತ್ತಿದ್ದಾನೆ ಎಂದುಕೊಂಡೆ. ಆಮೇಲೆ ಬಂತು. ಒಂದು ಬಡಿತ, ಗಟ್ಟಿ. ಸ್ವಲ್ಪ ತಡೆದು ಇನ್ನೊಂದು, ಮೆಲ್ಲಗೆ. ಪೈಪಿನ ಮೇಲಿದ್ದ ನನ್ನ ಬೆರಳಿಗೆ ಅದು ತಾಗಿತು. ಎರಡು ಆಯಿತಲ್ಲ. ನಾನು ಬೈಕಿನ ಸೀಟಿನ ಮೇಲೆಯೇ ವರದಿ ಬರೆದೆ. ಒಂದೂಮುಕ್ಕಾಲು, ಘಟಕ ಮುಚ್ಚಿತ್ತು, ಯಾರೂ ಕೆಲಸದಲ್ಲಿರಲಿಲ್ಲ, ರಜೆ ಪಾಲಿಸಲಾಗಿದೆ. ಮನೆಗೆ ಬಂದು ಎರಡು ಸಲ ಪಾಯಸ ಹಾಕಿಸಿಕೊಂಡೆ.

ಸಂಜೆ ಏಳು ಗಂಟೆಗೆ ಶ್ಯಾಮಲಾ ಮೇಡಂ ಫೋನು. ವಿಠಲ ಆರಕ್ಕೆ ಬಂದು ಪೈಪಿಗೆ ಬಡಿದಿದ್ದಾನೆ. ಉತ್ತರ ಇಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಕೊನೆಗೆ ನೆರೆಯವರನ್ನು ಕೂಗಿ, ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ಬಾಗಿಲು ಒಡೆದರು. ಅಂದುಂಞಿ ಟ್ಯಾಂಕಿನ ಆಚೆ ಕೊನೆಯಲ್ಲಿ, ಗ್ಯಾಸಿನ ವಾಲ್ವಿನ ಬುಡದಲ್ಲಿ ಬಿದ್ದಿದ್ದ. ವಾಲ್ವು ತಿರುಗಿಸಿ ನಿಲ್ಲಿಸಿದ್ದ, ಅಷ್ಟರಲ್ಲಿ ಅವನೇ ಹೋಗಿದ್ದ.

ನಾನು ಹೋಗುವಾಗ ವಿಠಲ ಓಣಿಯಲ್ಲಿ ಕೂತಿದ್ದ, ಪಕ್ಕದಲ್ಲಿ ಪಾಯಸದ ಡಬ್ಬಿ. "ನಾನು ಬಂದಾಗ ಎರಡು ಬಡಿತ ಬಂತು ಮಾರಾಯಾ, ಒಂದೂಮುಕ್ಕಾಲಿಗೆ" ಎಂದೆ. ಅವನು ನನ್ನ ಮುಖವನ್ನೇ ನೋಡಿದ. "ಹೇಗೆ ಸಾರ್? ಸ್ಪ್ಯಾನರು ಪೈಪಿನ ಹತ್ತಿರ ಮೊಳೆಯಲ್ಲಿ ನೇತಾಡ್ತಾ ಉಂಟು. ಅಂದುಂಞಿಚ್ಚ ಇದ್ದದ್ದು ಆ ತುದಿಯಲ್ಲಿ." ತನ್ನ ಹೆಂಡತಿ ಹನ್ನೆರಡು ಗಂಟೆಗೆ ಮಾಡಿದ ಫೋನನ್ನು ಅಂದುಂಞಿ ತೆಗೆದಿರಲಿಲ್ಲ. ನಾಲ್ಕು ದಿನ ಕಳೆದು ಡಾಕ್ಟರ ವರದಿ ಬಂತು. ಪ್ರಾಣ ಹೋದದ್ದು ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ಒಳಗೆ.

ಅದನ್ನು ಓದಿದ ದಿನದಿಂದ ಮನೆಯಲ್ಲಿ ಯಾರಾದರೂ ಬಾಗಿಲು ತಟ್ಟಿದರೆ ನಾನು ತೆರೆಯುತ್ತಿರಲಿಲ್ಲ. ಹೆಂಡತಿಯೇ ಹೋಗಬೇಕಿತ್ತು.

ಮೊದಲಾಳಿ ಪೊಲೀಸರಿಗೆ ಹೇಳಿದ್ದು ಹೀಗೆ. ಬಿಸುವಿಗೆ ಪ್ಲಾಂಟು ಬಂದ್. ರಿಜಿಸ್ಟರಿನಲ್ಲಿ ರಜೆ, ಕೆಲಸದವರ ಸಹಿಯೂ ಉಂಟು. ಅಂದುಂಞಿ ಬೇರೆ ಬೀಗದ ಕೈ ಇಟ್ಟುಕೊಂಡು ಹಿತ್ತಾಳೆಯ ವಾಲ್ವು ಕದಿಯಲು ಬಂದದ್ದು, ಬಿಚ್ಚುವಾಗ ಗ್ಯಾಸು ಹೊಡೆಯಿತು. ಯಂತ್ರ ಓಡುತ್ತಿತ್ತು, ತಾನೇ ನಿಲ್ಲಿಸಿದ್ದು ಎಂದು ವಿಠಲ ನಡೆದದ್ದನ್ನು ಹೇಳಿದ. ಅವನು ಸ್ನೇಹಿತ, ಹೇಳದೆ ಇರುತ್ತಾನಾ ಎಂದರು. ಸರಕಾರಿ ಕಾಗದ ಬೇರೆಯೇ ಇತ್ತಲ್ಲ, ನನ್ನ ಕೈಬರಹದಲ್ಲಿ.

ಅಂದುಂಞಿಯ ಹೆಂಡತಿ ಆಸಿಯಮ್ಮ ಪರಿಹಾರಕ್ಕೆ ಅರ್ಜಿ ಹಾಕಿದಳು. ಒಂದು ದಿನ ಆಫೀಸಿಗೆ ಬಂದಳು. ಎರಡು ಹೆಣ್ಣುಮಕ್ಕಳು, ಇಬ್ಬರೂ ಶಾಲೆಗೆ ಹೋಗುವವರು. ಕುರ್ಚಿ ಕೊಟ್ಟರೂ ಕೂರಲಿಲ್ಲ. "ದುಡ್ಡು ಬೇಡ ಅಂತ ಹೇಳುವಷ್ಟು ನಾನು ದೊಡ್ಡವಳಲ್ಲ ಸಾರ್. ಆದ್ರೆ ಮಗಳನ್ನು ಶಾಲೆಯಲ್ಲಿ ಕಳ್ಳನ ಮಗಳು ಅಂತ ಕರೀತಾರೆ. ಅವ್ಳು ಈಗ ಹೋಗುದಿಲ್ಲ. ಅವರು ಆ ದಿನ ಕೆಲಸಕ್ಕೆ ಹೋದದ್ದು ಅಂತ ಒಂದು ಕಡೆ ಬರ್ದು ಬರ್ಲಿ, ನನಗೆ ಅಷ್ಟು ಸಾಕು. ನಿಮ್ಮ ಪುಸ್ತಕದಲ್ಲಿ ಯಾರೂ ಇರ್ಲಿಲ್ಲ ಅಂತ ಉಂಟಂತಲ್ಲ, ನಿಜವಾ?"

ನಾನು ಫೈಲು ತಿರುವುವವನ ಹಾಗೆ ತಲೆ ಬಗ್ಗಿಸಿದೆ. ಇಷ್ಟು ವರ್ಷ ಇನ್ನೊಬ್ಬರ ಸುಳ್ಳು ಲೆಕ್ಕ ಹಿಡಿದವನಿಗೆ ನನ್ನ ಸುಳ್ಳು ಹೇಳಿಕೊಳ್ಳಲು ನಾಲಗೆ ಹೊರಳಲಿಲ್ಲ. ನಾಚಿಕೆಯಾಯಿತು. ಅವಳು ಮಕ್ಕಳನ್ನು ಕರೆದುಕೊಂಡು ಹೋದಳು.

ವಿಚಾರಣೆಗೆ ನನ್ನನ್ನು ಕರೆದರು. ಹಿಂದಿನ ದಿನ ಮೇಡಂ ಹತ್ತಿರ ಎಲ್ಲವನ್ನೂ ಹೇಳಿದೆ, ಬಡಿತವನ್ನೂ. ಅವರು ನನ್ನ ವರದಿಯ ಪ್ರತಿಯನ್ನು ಎದುರಿಗೆ ಎಳೆದುಕೊಂಡರು. "ನೀವು ಸುಳ್ಳು ವರದಿ ಬರೆದದ್ದು ಅಂತ ಅಲ್ಲಿ ಹೇಳಿದ್ರೆ ನಾನು ನಿಮಗೆ ಮೆಮೊ ಕೊಡ್ಲೇಬೇಕು. ಪೆನ್ಶನಿಗೆ ತೊಂದರೆ ಬಂದ್ರೂ ಬರಬಹುದು" ಎಂದರು. ನಾನು ತಲೆಯಾಡಿಸಿದೆ. "ಗೊತ್ತಿದ್ರೆ ಸರಿ. ಹೋಗಿ ಹೇಳಿ. ಮೆಮೊ ನಾನು ಇವತ್ತೇ ಟೈಪ್ ಮಾಡಿಸಿಡ್ತೇನೆ."

ಪರಿಹಾರದ ಅರ್ಜಿ ಕೇಳುವ ಕಮಿಷನರ ಎದುರು ನಿಂತು ಹೇಳಿದೆ. ಆ ಪ್ಲಾಂಟು ಯಾವ ಹಬ್ಬಕ್ಕೂ ನಿಂತದ್ದಿಲ್ಲ, ನನಗದು ವರ್ಷಗಳಿಂದ ಗೊತ್ತು, ನೋಟಿಸು ಕೇಳದೆ ಬಿಟ್ಟವನು ನಾನು, ವರದಿ ಸುಳ್ಳು. ಮೊದಲಾಳಿಯ ವಕೀಲ ನಗುತ್ತಲೇ ಎದ್ದ.

"ಆ ದಿನ ಅವರು ಒಳಗೆ ಕೆಲಸದಲ್ಲಿದ್ದರು ಅಂತ ನಿಮಗೆ ಹೇಗೆ ಗೊತ್ತು? ನೋಡಿದ್ರಾ?"

"ಇಲ್ಲ. ಪೈಪಿಗೆ ಎರಡು ಬಡಿದೆ. ಒಳಗಿನಿಂದ ಎರಡು ಬಂತು."

"ಎಷ್ಟು ಗಂಟೆಗೆ?"

"ಒಂದೂಮುಕ್ಕಾಲು."

ವಕೀಲ ಡಾಕ್ಟರ ವರದಿಯನ್ನು ಎತ್ತಿ ಹಿಡಿದ. "ಹನ್ನೊಂದರ ಒಳಗೆ ಸತ್ತ ಮನುಷ್ಯ ಒಂದೂಮುಕ್ಕಾಲಿಗೆ ಸ್ಪ್ಯಾನರು ತೆಗೆದು ಬಡಿದು, ಮತ್ತೆ ಮೊಳೆಗೆ ನೇತುಹಾಕಿ, ಹೋಗಿ ಮಲಗಿದ್ರಾ ಸಾರ್?"

ಕೋಣೆಯಲ್ಲಿ ಒಬ್ಬರೂ ನಗಲಿಲ್ಲ. ಕಮಿಷನರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ನಾನು ಹೇಳಿದೆ, "ಅದು ನನಗೆ ಗೊತ್ತಿಲ್ಲ. ಬಡಿತ ಬಂದದ್ದು ಸತ್ಯ. ನನ್ನ ಬೆರಳಿಗೆ ತಾಗಿದೆ." ಆಮೇಲೆ ಡಾಕ್ಟರನ್ನು ಕರೆಸಿದರು. ಅಷ್ಟು ತಣ್ಣಗಿನ ಜಾಗದಲ್ಲಿ ಬಿದ್ದಿದ್ದ ದೇಹದ ಸಮಯವನ್ನು ಗಂಟೆ ಹಿಡಿದು ಹೇಳಲಾಗುವುದಿಲ್ಲ, ಎರಡು ಮೂರು ಗಂಟೆ ಆಚೀಚೆ ಆಗಬಹುದು ಎಂದರು ಅವರು. ಹಾಗಾದರೆ ಸ್ಪ್ಯಾನರು ಮೊಳೆಯಲ್ಲಿ ಹೇಗೆ ಎಂದು ವಕೀಲ ಕೇಳಿದ. ಅದು ತನ್ನ ವಿಷಯವಲ್ಲ ಎಂದರು ಡಾಕ್ಟರು.

ತೀರ್ಪಿನಲ್ಲಿ ಬಡಿತದ ಮಾತೇ ಇಲ್ಲ. ಯಂತ್ರ ಓಡುತ್ತಿತ್ತು, ಹಬ್ಬದ ದಿನ ಓಡಿಸುವುದು ಅಲ್ಲಿ ರೂಢಿ, ಆ ದಿನ ಅಬ್ದುಲ್ ರಹಿಮಾನ್ ಯಾನೆ ಅಂದುಂಞಿ ಕೆಲಸದಲ್ಲಿದ್ದರು ಎಂದು ಬರೆದಿತ್ತು. ಆಸಿಯಮ್ಮ ಆ ಹಾಳೆಯ ಪ್ರತಿ ತೆಗೆಸಿ ಮಗಳ ಕೈಯಲ್ಲಿ ಶಾಲೆಗೆ ಕಳಿಸಿದಳಂತೆ. ನನಗೆ ಮೆಮೊ ಬಂತು, ಇನ್‌ಕ್ರಿಮೆಂಟು ಹೋಯಿತು. ಅದು ನನಗೆ ಸಲ್ಲಬೇಕಾದ್ದೇ.

ಹೊಸದಾಗಿ ಬಂದ ಮಕ್ಕಳೇ, ನೀವು ಒಳ್ಳೆಯವರು, ಆದ್ದರಿಂದಲೇ ಹೇಳುತ್ತಿದ್ದೇನೆ. ಯಾರದ್ದೋ ಒಳ್ಳೆಯತನ ಕಂಡು ಮನಸ್ಸು ಕರಗಿ, ಆ ಅಂಗೈಯಷ್ಟು ನೋಟಿಸನ್ನು ಬಿಡಬೇಡಿ. ರಜೆಯ ದಿನ ಒಬ್ಬ ದುಡಿಯುತ್ತಿದ್ದಾನೆ ಎಂಬುದಕ್ಕೆ ಕಾಗದ ಇಲ್ಲದಿದ್ದರೆ, ಆ ದಿನ ಅವನು ಎಲ್ಲಿಯೂ ಇಲ್ಲ. ಒಳಗೆ ಕೂತಿದ್ದರೂ ಇಲ್ಲ. ಈಗ ಆ ನೋಟಿಸು ಕಂಪ್ಯೂಟರಿನಲ್ಲಿ ಎರಡು ನಿಮಿಷದ ಕೆಲಸ.

ತೀರ್ಪು ಬಂದ ದಿನ ಆ ಕಟ್ಟಡದ ಮೆಟ್ಟಿಲಲ್ಲಿ ಆಸಿಯಮ್ಮ ನನ್ನನ್ನು ನಿಲ್ಲಿಸಿದಳು. ಥ್ಯಾಂಕ್ಸ್ ಹೇಳಲಿಕ್ಕೆ ಎಂದುಕೊಂಡೆ.

"ಸಾರ್, ಆ ಎರಡು ಬಡಿತ, ಗಟ್ಟಿ ಇತ್ತಾ, ಮೆಲ್ಲವಾ?"

ಯಾಕೆ ಕೇಳುತ್ತಿದ್ದಾಳೆಂದು ನನಗೆ ಅರ್ಥವಾಯಿತು. ಸುಳ್ಳು ಹೇಳಬಹುದಿತ್ತು. "ಮೊದಲಿನದ್ದು ಗಟ್ಟಿ. ಎರಡನೇದು ಮೆಲ್ಲ" ಎಂದೆ.

ಅವಳು ದುಪಟ್ಟದ ಅಂಚನ್ನು ಬಾಯಿಗೆ ಒತ್ತಿಕೊಂಡಳು. "ಅವರೇ. ಮನೆಯ ಬಾಗಿಲಿಗೂ ಹಾಗೇ ತಟ್ಟುದು. ಒಂದು ಗಟ್ಟಿ, ಒಂದು ಮೆಲ್ಲ, ಮಕ್ಕಳು ಏಳ್ಬಾರ್ದು ಅಂತ." ಮತ್ತೆ ಏನೂ ಕೇಳದೆ ಇಳಿದು ಹೋದಳು.

ಭೂತ ಪ್ರೇತ ಉಂಟೋ ಎಂದು ಜನ ನನ್ನ ಹತ್ತಿರ ಕೇಳುತ್ತಾರೆ. ಇರಲಿ ಎಂದು ನಾನು ಪ್ರತಿ ಬಿಸುವಿಗೆ ಕಣಿಯ ಮುಂದೆ ಕೂತು ಕೈ ಮುಗಿಯುತ್ತೇನೆ. ಆ ದಿನ ಉತ್ತರ ಕೊಟ್ಟದ್ದು ಪ್ರೇತವೇ ಆಗಿರಲಿ, ಡಾಕ್ಟರ ಮೊದಲಿನ ವರದಿಯೇ ನಿಜವಾಗಿರಲಿ. ಇಲ್ಲವಾದರೆ ಜೀವ ಇರುವ ಮನುಷ್ಯನೊಬ್ಬ ಗೋಡೆಯ ಆಚೆ ನಿಂತು ನಾನಿದ್ದೇನೆ ಎಂದು ಬಡಿದಿದ್ದಾನೆ, ಮತ್ತು ನಾನು ಯಾರೂ ಇಲ್ಲ ಎಂದು ಬರೆದು ಊಟಕ್ಕೆ ಹೋಗಿದ್ದೇನೆ.